ಸೌದೆ ಇಲ್ಲದ ಊರು

ಹೊಸ ಜಾಗದಲ್ಲಿ ಸಂಸಾರ ಹೂಡುವವರು ಮೊದಲು ನೀರು ನೋಡುತ್ತಾರೆ. ಆಮೇಲೆ ಮಣ್ಣು ನೋಡುತ್ತಾರೆ. ಸೌದೆ ಸಿಗುತ್ತದಾ ಅಂತ ಯಾರಾದರೂ ವಿಚಾರಿಸಿದ್ದನ್ನು ನಾನಂತೂ ಕೇಳಿಲ್ಲ. ಅದು ಇದ್ದೇ ಇರುತ್ತದೆ ಅನ್ನುವ ಧೈರ್ಯ ನಮಗೆ. ತೆಂಗಿನ ಗರಿ, ಜಾಲಿ ಕೊಂಬೆ, ತೊಗರಿ ಕಟ್ಟಿಗೆ, ಏನೂ ಸಿಗದಿದ್ದರೆ ಅಟ್ಟದ ಮೇಲಿನ ಮುರುಕು ಮಂಚದ ಕಾಲು. ಒಲೆಗೆ ಏನೋ ಒಂದು ಸಿಕ್ಕೇ ಸಿಗುತ್ತದೆ. ಈ ಧೈರ್ಯ ನಡೆಯದ ಊರೊಂದು ಸ್ವಿಟ್ಜರ್ಲೆಂಡಿನಲ್ಲಿದೆ. ಅದರ ಹೆಸರು ಯೂಫ್.

ಗ್ರೌಬ್ಯುಂಡೆನ್ ಪ್ರಾಂತ್ಯದ ಆವರ್ಸ್ ಕಣಿವೆಯ ಕಟ್ಟಕಡೆಯ ಊರು ಅದು. ಎತ್ತರ 2,126 ಮೀಟರ್. ಜನ ಸುಮಾರು 30. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್ ಅಲ್ವಾ? ಅದಕ್ಕಿಂತ ಇನ್ನೂ ಸುಮಾರು 200 ಮೀಟರ್ ಮೇಲೆ ಈ ಜನ ಮನೆ ಕಟ್ಟಿಕೊಂಡು, ದನ ಸಾಕಿಕೊಂಡು, ಮಕ್ಕಳನ್ನು ಹೆತ್ತು, ಶತಮಾನಗಟ್ಟಲೆ ಕೂತಿದ್ದಾರೆ.

ಅಮ್ಮ ನನ್ನ ಹತ್ತಿರ ಬಂದಿದ್ದಾಗ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಅಮ್ಮಂದಿರಿಗೆ ಯುಂಗ್‌ಫ್ರೌ ಹಿಮಶಿಖರ ತೋರಿಸುತ್ತಾರೆ. ಅಲ್ಲಿ ಸಮೋಸವೂ ಸಿಗುತ್ತದೆ, ಗದ್ದಲವೂ ಸಿಗುತ್ತದೆ. ನಮಗೆ ಸ್ವಲ್ಪ ಸುಮ್ನೆ ಕೂರುವ ಜಾಗ ಬೇಕಿತ್ತು.

ಆಂಡೇರ್‌ನಿಂದ ಹಳದಿ ಬಣ್ಣದ ಪೋಸ್ಟ್ ಬಸ್ಸು ಹತ್ತಬೇಕು. ಮೊದಲು ಫೆರೆರಾ ಕಣಿವೆ. ಇಕ್ಕಟ್ಟಾದ ಕಂದರ, ಎರಡೂ ಕಡೆ ಒತ್ತಾಗಿ ನಿಂತ ಸ್ಪ್ರೂಸ್ ಮರಗಳು, ಕೆಳಗೆ ಭೋರ್ಗರೆಯುವ ಹೊಳೆ. ಮೇಲೆ ಹೋಗುತ್ತಾ ಹೋಗುತ್ತಾ ಮರಗಳು ತಮ್ಮ ತಮ್ಮ ಸ್ಟಾಪಿನಲ್ಲಿ ಇಳಿದುಕೊಳ್ಳುವ ಪ್ರಯಾಣಿಕರಂತೆ ಕಡಿಮೆಯಾಗುತ್ತವೆ. ಸ್ಪ್ರೂಸ್ ಕೆಳಗೇ ಇಳಿಯುತ್ತದೆ. ಲಾರ್ಚ್ ಮತ್ತು ಆರ್ವೆ ಅನ್ನುವ ಪೈನ್ ಮರ ಇನ್ನೊಂದಷ್ಟು ದೂರ ಬರುತ್ತವೆ. ಬಿಳಿ ಚರ್ಚು ಇರುವ ಕ್ರೆಸ್ಟಾ ಊರಿನ ಹೊತ್ತಿಗೆ ಅವೂ ಮುಗಿದವು. ಅಲ್ಲಿಂದ ಮುಂದೆ ಹುಲ್ಲು, ಕಲ್ಲು, ಆಕಾಶ. ಬಸ್ಸು ತಿರುಗಿಸುವ ಜಾಗ ಬಂದರೆ ಅದೇ ಯೂಫ್.

ಇಳಿದು ಸುತ್ತ ನೋಡಿದ ಅಮ್ಮ ಬೆಟ್ಟದ ಬಗ್ಗೆ ಏನೂ ಹೇಳಲಿಲ್ಲ. "ಅಲ್ಲ ಕಣೇ, ಇವ್ರು ಹಂಡೆ ಒಲೆಗೆ ಏನ್ ಹಾಕ್ತಿದ್ರು?" ಅಂದಳು.

ಬೇರೆ ಪ್ರವಾಸಿಗರು ಇಲ್ಲಿಗೆ ಬಂದು ಕೇಳುವುದು ಒಂದೇ ಪ್ರಶ್ನೆ. ಯುರೋಪಿನಲ್ಲಿ ವರ್ಷವಿಡೀ ಜನ ಇರುವ ಅತಿ ಎತ್ತರದ ಊರು ಇದೇನಾ ಅಂತ. ಹೌದು ಅಂತಲೇ ಬಹಳ ಕಡೆ ಬರೆದಿರುತ್ತದೆ. ಆದರೆ ಇಟಲಿಯ ಟ್ರೆಪಾಲೆಯವರು ಒಪ್ಪುವುದಿಲ್ಲ. ಫ್ರಾನ್ಸಿನ ಸೇಂಟ್ ವೆರಾನ್‌ನವರೂ ತಮ್ಮದೊಂದು ಲೆಕ್ಕ ಹೇಳುತ್ತಾರೆ. ಇನ್ನು ಕಾಕಸಸ್ ಪರ್ವತವನ್ನೂ ಯುರೋಪಿಗೆ ಸೇರಿಸಿದರೆ ಇವರೆಲ್ಲರ ಕಥೆ ಮುಗಿಯಿತು. ಅಲ್ಲಿ ಇನ್ನೂ ಮೇಲೆ ಹಳ್ಳಿಗಳಿವೆ. ಈ ಜಗಳ ನನಗೆ ಬೇಡ. ಅಮ್ಮನ ಪ್ರಶ್ನೆಯೇ ವಾಸಿ.

ಎತ್ತರ ಜಾಸ್ತಿ ಆದ್ದರಿಂದ ಮರ ಇಲ್ಲ ಅಂತ ಹೇಳಿ ನುಣುಚಿಕೊಳ್ಳೋಣ ಅಂದರೆ ಅಮ್ಮ ಬಿಡಲಿಲ್ಲ. "ಊಟೀಲಿ ಅಷ್ಟೊಂದು ಮರ ಇವೆಯಲ್ಲ?" ಅಂದಳು. ಮಾತು ನಿಜ. ಊಟಿ ಸುಮಾರು 2,240 ಮೀಟರ್, ಯೂಫ್‌ಗಿಂತ ಮೇಲೆ. ಆದರೆ ಊಟಿ ಸಮಭಾಜಕಕ್ಕೆ ಹತ್ತಿರ. ಯೂಫ್ ಇರುವುದು 46 ಡಿಗ್ರಿ ಉತ್ತರದಲ್ಲಿ. ಮರಕ್ಕೆ ಮೀಟರ್ ಲೆಕ್ಕ ಗೊತ್ತಿಲ್ಲ, ಚಳಿ ಗೊತ್ತು.

ಅದೂ ಚಳಿಗಾಲದ ಚಳಿಯಲ್ಲ. ಚಳಿಗಾಲವನ್ನು ಈ ಮರಗಳು ಹೇಗೋ ಹಲ್ಲು ಕಚ್ಚಿ ಕಳೆಯುತ್ತವೆ. ತೊಂದರೆ ಇರುವುದು ಬೇಸಿಗೆಯಲ್ಲಿ. ಬಾಸೆಲ್‌ನ ಸಸ್ಯವಿಜ್ಞಾನಿ ಕ್ರಿಶ್ಚಿಯನ್ ಕೋರ್ನರ್ ಮತ್ತು ಅವರ ಜೊತೆಯವರು ಪ್ರಪಂಚದ ಬೇರೆ ಬೇರೆ ಬೆಟ್ಟಗಳಲ್ಲಿ, ಕಾಡು ಮುಗಿಯುವ ಗೆರೆಯ ಹತ್ತಿರ ಮಣ್ಣಿನ ಉಷ್ಣತೆ ಅಳೆದಿದ್ದಾರೆ. ಬೆಳೆಯುವ ತಿಂಗಳುಗಳ ಸರಾಸರಿ 6 ಡಿಗ್ರಿಯ ಆಸುಪಾಸಿಗೆ ಇಳಿದರೆ ಕಾಡು ಅಲ್ಲಿಗೆ ನಿಲ್ಲುತ್ತದೆ. ಅಷ್ಟು ತಂಪಿನಲ್ಲೂ ಎಲೆಗಳು ಬಿಸಿಲಿನಲ್ಲಿ ಅಡುಗೆ ಮಾಡುತ್ತಲೇ ಇರುತ್ತವೆ. ಆದರೆ ಹೊಸ ಚಿಗುರು, ಹೊಸ ಕಟ್ಟಿಗೆ ಕಟ್ಟುವ ಕೆಲಸ ಮುಂದೆ ಸಾಗುವುದಿಲ್ಲ. ಊಟ ಇದೆ, ಮೈಗೆ ಹತ್ತೋದಿಲ್ಲ!

ಹಾಗಾದರೆ ಹುಲ್ಲು, ಹೂವಿನ ಗಿಡ ಹೇಗೆ ಬದುಕುತ್ತವೆ? ಇದನ್ನು ಕೈಯಾರೆ ಮುಟ್ಟಿ ನೋಡಬಹುದು. ಊರಿನ ಹಿಂದಿನ ಕಾಲುದಾರಿಯ ಪಕ್ಕ, ಬಂಡೆಯ ಸಂದಿಯಲ್ಲಿ ಪಾಚಿಯ ದಿಂಬಿನ ಹಾಗೆ ಕಾಣುವ ಒಂದು ಗಿಡ ಇತ್ತು. ಅಂಗೈಯಷ್ಟು ಅಗಲ, ಎತ್ತರ ಬೆರಳಿನಷ್ಟೂ ಇಲ್ಲ. ಮೈತುಂಬಾ ಗುಲಾಬಿ ಬಣ್ಣದ ಚಿಕ್ಕ ಹೂವು. ಸೈಲೀನಿ ಅನ್ನುವ ಜಾತಿ. ಗಾಳಿ ಕಿವಿ ಕೊರೆಯುತ್ತಿತ್ತು, ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿದ್ದೆ. ಆ ಗಿಡದ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ಬಿಸಿಲಿನ ಕಾವು ನೆಲಕ್ಕಂಟಿದ ಆ ಒತ್ತು ಎಲೆಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಗಾಳಿ ಒಳಗೆ ನುಗ್ಗುವುದಿಲ್ಲ. ಬಿಸಿಲಿರುವ ಹೊತ್ತಿನಲ್ಲಿ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಬೆಚ್ಚಗಿರುವುದುಂಟು. ಮರ ಪಾಪ, ತಲೆ ಎತ್ತಿ ನಿಲ್ಲುತ್ತದೆ. ಎತ್ತಿದ ತಲೆಗೆ ಸಿಗುವುದು ಬರೀ ತಣ್ಣನೆ ಗಾಳಿ.

ಸರಿ, ಮರವೇ ಒಲ್ಲೆ ಅಂದ ಜಾಗಕ್ಕೆ ಮನುಷ್ಯರು ಯಾಕೆ ಬಂದರು? ಇವರು ವಾಲ್ಸರ್ ಜನ. ಪಶ್ಚಿಮದ ವಾಲೆ ಪ್ರಾಂತ್ಯದಿಂದ ಜರ್ಮನ್ ಆಡುನುಡಿ ಮಾತಾಡುತ್ತಾ, ಕಣವೆ ದಾಟಿ ಕಣವೆ ದಾಟಿ (ಕಣವೆ ಅಂದರೆ ಬೆಟ್ಟ ದಾಟುವ ಎತ್ತರದ ದಾರಿ) 13ನೇ ಶತಮಾನದಲ್ಲಿ ಇತ್ತ ಬಂದವರು. ಯೂಫ್‌ನಲ್ಲಿ ಅವರಿದ್ದ ದಾಖಲೆ 1292ರಷ್ಟು ಹಿಂದಿನದು. ಕೆಳಗಿನ ಒಳ್ಳೆ ಜಮೀನಿನಲ್ಲಿ ಆಗಲೇ ರೊಮಾನ್ಷ್ ಮಾತಿನವರು ಕೂತಿದ್ದರು. ಮೇಲಿನದು ಯಾರಿಗೂ ಬೇಡವಾದ ನೆಲ. ಹೀಗೆ ಎತ್ತರದಲ್ಲಿ ನೆಲೆ ನಿಂತ ವಾಲ್ಸರ್‌ಗಳಿಗೆ ಒಡೆಯರು ಎಷ್ಟೋ ಕಡೆ ಮಕ್ಕಳು ಮೊಮ್ಮಕ್ಕಳವರೆಗೆ ಗೇಣಿ ಹಕ್ಕು ಕೊಟ್ಟು, ಜೀತದಿಂದ ಬಿಡುಗಡೆ ಕೊಟ್ಟು, ಯುದ್ಧ ಬಂದರೆ ಕತ್ತಿ ಹಿಡಿದು ಬನ್ನಿ ಅಂತ ಒಪ್ಪಂದ ಮಾಡಿಕೊಂಡರು. ಸೌದೆ ಇಲ್ಲದಿದ್ದರೂ ಪರವಾಗಿಲ್ಲ, ಒಡೆಯನ ಕಾಟ ಇಲ್ಲ ಅಂತ ಅನ್ನಿಸಿರಬೇಕು. ನನಗೂ ಹಾಗೇ ಅನ್ನಿಸುತ್ತಿತ್ತೇನೋ, ಮೊದಲ ಚಳಿಗಾಲದವರೆಗೆ.

ಈಗ ಅಮ್ಮನ ಹಂಡೆ ಒಲೆಗೆ ಬರೋಣ. ಮನೆ ಕಟ್ಟಲು ಬೇಕಾದ ಮರವನ್ನು ಹೇಗೋ ಕೆಳಗಿನ ಕಾಡಿನಿಂದ ಎಳೆದು ತರಬಹುದು, ಅದು ತಲೆಮಾರಿಗೊಮ್ಮೆ ಮಾಡುವ ಕೆಲಸ. ದಿನಾ ಉರಿಸುವುದಕ್ಕೆ ತರಲು ಸಾಧ್ಯವಾ? ಯೂಫ್‌ನವರು ಉರಿಸಿದ್ದು ಕುರಿ ಹಿಕ್ಕೆ. ಚಳಿಗಾಲವಿಡೀ ಕುರಿಗಳು ದೊಡ್ಡಿಯೊಳಗೇ ಇರುತ್ತವೆ. ಹಾಕಿದ ಹಿಕ್ಕೆ, ಚೆಲ್ಲಿದ ಹುಲ್ಲು ಎಲ್ಲ ಅವುಗಳದೇ ಕಾಲಡಿ ತುಳಿದು ತುಳಿದು ಗಟ್ಟಿ ಪದರವಾಗುತ್ತದೆ. ವಸಂತದಲ್ಲಿ ಕುರಿಗಳನ್ನು ಹೊರಗೆ ಬಿಟ್ಟು, ಆ ಪದರವನ್ನು ಸನಿಕೆಯಿಂದ ಇಟ್ಟಿಗೆಯ ಹಾಗೆ ಕೊಯ್ದು, ಬಿಸಿಲು ಬೀಳುವ ಗೋಡೆಗೆ ಒಟ್ಟಿ ಒಣಗಿಸುತ್ತಿದ್ದರು. ದನದ ಗೊಬ್ಬರ ಹುಲ್ಲುಗಾವಲಿಗೆ ಬೇಕು, ಹುಲ್ಲಿಲ್ಲದೆ ಇಲ್ಲಿ ಬದುಕೇ ಇಲ್ಲ. ಆದ್ದರಿಂದ ಒಲೆಯ ಪಾಲಿಗೆ ಕುರಿ.

ಒಂದು ಹಳೇ ಕೊಟ್ಟಿಗೆಯ ಸೂರಿನ ಕೆಳಗೆ ಅಂಥ ಇಟ್ಟಿಗೆಗಳನ್ನು ಒಟ್ಟಿಟ್ಟಿದ್ದರು, ನಮ್ಮಂಥವರು ನೋಡಲಿ ಅಂತಲೇ ಇರಬೇಕು. ನಾನು ಫೋಟೊ ತೆಗೆಯುವಷ್ಟರಲ್ಲಿ ಅಮ್ಮ ಒಂದನ್ನು ಕೈಗೆ ತೆಗೆದುಕೊಂಡಾಗಿತ್ತು. ಬೆರಣಿ ತಟ್ಟಿ ಗೊತ್ತಿರುವ ಕೈ ಅದು. ಉಗುರಿನಿಂದ ಅಂಚು ಕೆರೆದಳು. ಬೆರಳ ಗೆಣ್ಣಿನಿಂದ ಕುಟ್ಟಿದಳು, ಟಕ್ ಟಕ್ ಅಂತ ಒಣ ಸದ್ದು. ಮೂಸಿದಳು. ಒಳಗೆ ಹುಲ್ಲಿನ ಎಳೆಗಳು ಪದರ ಪದರವಾಗಿ ಕಾಣುತ್ತಿದ್ದವು, ನಡುನಡುವೆ ಹಿಕ್ಕೆಯ ಗುಂಡು ಚಪ್ಪಟೆಯಾಗಿ ಅಂಟಿತ್ತು. "ತಟ್ಟಿದ್ದಲ್ಲ ಇದು, ಕೊಯ್ದಿದ್ದು. ಇವ್ರಿಗೆ ಕೆಲ್ಸ ಕಡಿಮೆ. ಎಲ್ಲ ಕುರೀನೇ ಮಾಡಿದೆ" ಅಂದಳು. ಸ್ವಲ್ಪ ಹೊಟ್ಟೆಕಿಚ್ಚು ಇತ್ತು ದನಿಯಲ್ಲಿ. ಆಮೇಲೆ, "ಕುರಿಗೊಬ್ಬರ ಸುಡೋದು ಅಂದ್ರೆ ಮಹಾಪಾಪ" ಅಂತ ಸೇರಿಸಿದಳು. ಅವಳ ತವರಿನ ಕಡೆ ಕುರುಬರಿಗೆ ಕಾಳು, ದುಡ್ಡು ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಅಂಥ ಗೊಬ್ಬರ ಒಲೆಗೆ ಹಾಕುತ್ತಾರೆ ಅಂದರೆ ಅವಳ ಮನಸ್ಸು ಒಪ್ಪಬೇಕಲ್ಲ. ಇಟ್ಟಿಗೆಯನ್ನು ಮಾತ್ರ ಇದ್ದ ಹಾಗೇ, ಇದ್ದ ಜಾಗದಲ್ಲೇ ಇಟ್ಟಳು.

ಸ್ನಾನದ ವಿಷಯಕ್ಕೆ ನಾನು ಹೋಗಲಿಲ್ಲ. ದಿನಾ ಮೀಯುವ ಪದ್ಧತಿ ಆ ಕಾಲದ ಆಲ್ಪ್ಸ್‌ನಲ್ಲಿ ಇರಲಿಲ್ಲ ಅಂತ ಹೇಳಿದ್ದರೆ ರಾತ್ರಿ ಅಲ್ಲಿ ಉಳಿಯುವುದಕ್ಕೇ ಅವಳು ಒಪ್ಪುತ್ತಿರಲಿಲ್ಲ.

ಸೌದೆಯ ಗೊಡವೆಯೇ ಇಲ್ಲದೆ ಇಲ್ಲಿ ಬದುಕುವವರೂ ಇದ್ದಾರೆ. ಮಾರ್ಮಟ್‌ಗಳು. ಅಳಿಲಿನ ಕುಲದವೇ, ಆದರೆ ಒಂದೊಂದೂ ಕೊಬ್ಬಿದ ಬೆಕ್ಕಿನಷ್ಟು ದಪ್ಪ. ಯೂಫ್ ಸುತ್ತಲಿನ ಇಳಿಜಾರಿನಲ್ಲಿ ಎಲ್ಲಿ ನೋಡಿದರೂ ಇವುಗಳ ಬಿಲ. ಅವುಗಳಲ್ಲೊಂದು ಹಿಂಗಾಲುಗಳ ಮೇಲೆ ನಿಂತು, ಹೊಟ್ಟೆಯ ಮೇಲೆ ಕೈ ಜೋಡಿಸಿಕೊಂಡು ನಮ್ಮನ್ನೇ ನೋಡುತ್ತಿತ್ತು. ಹದ್ದು ಕಂಡರೆ ಒಂದೇ ಉದ್ದ ಸಿಳ್ಳೆ, ನರಿಯೋ ನಾಯಿಯೋ ಕಂಡರೆ ಸಾಲು ಸಿಳ್ಳೆ ಅಂತ ಅಲ್ಲಿನವರ ಮಾತು. ನಮಗೆ ಬಿದ್ದದ್ದು ಸಾಲು ಸಿಳ್ಳೆ.

ಬೇಸಿಗೆಯಿಡೀ ತಿಂದು ಕೊಬ್ಬು ಕೂಡಿಸುವುದು, ಅಕ್ಟೋಬರ್ ಹೊತ್ತಿಗೆ ಬಿಲದ ಬಾಯಿಗೆ ಒಳಗಿನಿಂದ ಮಣ್ಣು ಕಲ್ಲು ಜಡಿದು ಮಲಗುವುದು, ಏಪ್ರಿಲ್ ಹೊತ್ತಿಗೆ ಏಳುವುದು, ಇಷ್ಟೇ ಇವುಗಳ ಪಂಚಾಂಗ. ಮೈಯ ಬಿಸಿ 5 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಎದೆ ನಿಮಿಷಕ್ಕೆ ಕೆಲವೇ ಸಲ ಬಡಿಯುತ್ತದೆ. ಇಡೀ ಮನೆತನ ಒಂದೇ ಕೋಣೆಯಲ್ಲಿ ಮೈಗೆ ಮೈ ತಾಗಿಸಿ ಮಲಗುತ್ತದೆ. ದೊಡ್ಡವು ತಮ್ಮ ಕೊಬ್ಬು ಕರಗಿಸಿ ಆ ವರ್ಷದ ಮರಿಗಳನ್ನು ಬೆಚ್ಚಗಿಡುತ್ತವೆ. ಗುಂಪು ಸಣ್ಣದಿದ್ದರೆ ಮರಿ ಉಳಿಯುವುದು ಕಷ್ಟ. ಈ ಕೊಬ್ಬಿನ ಮೇಲೆ ಮನುಷ್ಯನ ಕಣ್ಣೂ ಬಿದ್ದಿದೆ. ಕೀಲುನೋವಿಗೆ ಮಾರ್ಮಟ್ ಕೊಬ್ಬಿನ ಮುಲಾಮು ಆಲ್ಪ್ಸ್‌ನ ಅಂಗಡಿಗಳಲ್ಲಿ ಈಗಲೂ ಮಾರುತ್ತಾರೆ. ಅಮ್ಮನ ಮಂಡಿನೋವಿಗೆ ತೆಗೆದುಕೊಳ್ಳೋಣವಾ ಅಂದೆ. ಅವಳು ನೋಡಿದ ನೋಟಕ್ಕೆ ನಾನು ಆ ವಿಷಯ ಅಲ್ಲಿಗೇ ಬಿಟ್ಟೆ.

ಈಗ ಬಸ್ಸು ಬರುವ ದಾರಿ ಒಂದು ಕಾಲಕ್ಕೆ ಊರಿನ ಮುಂಬಾಗಿಲೇ ಆಗಿರಲಿಲ್ಲ. ಕೆಳಗಿನ ಕಂದರದಲ್ಲಿ ಗಾಡಿ ರಸ್ತೆ ಆದದ್ದು 19ನೇ ಶತಮಾನದ ಕೊನೆಯಲ್ಲಿ. ಅಲ್ಲಿಯವರೆಗೆ ಇವರ ಓಡಾಟ ಹೆಚ್ಚಾಗಿ ಬೆಟ್ಟದ ಮೇಲಿನಿಂದಲೇ. ಸ್ಟಾಲರ್‌ಬೆರ್ಗ್ ಕಣವೆ ದಾಟಿದರೆ ಬಿವಿಯೊ ಊರು. ಫೋರ್ಚೆಲ್ಲೀನಾ ಮತ್ತು ಸೆಪ್ಟಿಮರ್ ಕಣವೆಗಳಲ್ಲಿ ದಕ್ಷಿಣಕ್ಕೆ ಇಳಿದರೆ ಬೆರ್ಗೆಲ್ ಕಣಿವೆ, ಅದರಾಚೆ ಇಟಲಿ. ಅದೇ ಸೆಪ್ಟಿಮರ್ ಹತ್ತಿರದ ಲುಂಗಿನ್ ಕಣವೆಯಲ್ಲಿ ಬಿದ್ದ ಮಳೆ ಮೂರು ಪಾಲಾಗುತ್ತದೆ. ಒಂದು ಪಾಲು ರೈನ್ ಸೇರಿ ಉತ್ತರ ಸಮುದ್ರಕ್ಕೆ, ಒಂದು ಇನ್ ಮತ್ತು ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರಕ್ಕೆ, ಒಂದು ಪೋ ನದಿಯ ಜೊತೆ ಆಡ್ರಿಯಾಟಿಕ್‌ಗೆ. ಯೂಫ್‌ನ ಹೊಳೆ ಮೊದಲನೇ ಪಾಲಿನದು. ಕಾಲು ಅದ್ದಿದರೆ ಮರಗಟ್ಟುವ ಆ ಸಣ್ಣ ತೊರೆಗೂ ರೈನ್ ಅಂತಲೇ ಹೆಸರು.

1950ರ ದಶಕದ ಕೊನೆಗೆ ಈ ನೀರನ್ನೆಲ್ಲ ಕರೆಂಟು ಮಾಡುವ ಕೆಲಸ ಶುರುವಾಯಿತು. ಪಕ್ಕದ ಲೇ ಕಣಿವೆಯಲ್ಲಿ ದೊಡ್ಡ ಅಣೆಕಟ್ಟು ಎದ್ದಿತು. ಕಣಿವೆ ಇಟಲಿಯದು, ಅಣೆಕಟ್ಟು ಬೇಕಾದದ್ದು ಸ್ವಿಸ್‌ನವರಿಗೆ. ಅದಕ್ಕೆ ಎರಡು ದೇಶಗಳೂ ಜಾಗ ಅದಲುಬದಲು ಮಾಡಿಕೊಂಡು ಗಡಿಯನ್ನೇ ಒಂಚೂರು ಸೊಟ್ಟ ಮಾಡಿದವು. ಈಗ ಕೆರೆ ಇಟಲಿಯಲ್ಲಿದೆ, ಗೋಡೆ ಸ್ವಿಟ್ಜರ್ಲೆಂಡಿನಲ್ಲಿದೆ. ನಮ್ಮಲ್ಲಿ ಎರಡು ತಾಲ್ಲೂಕುಗಳು ಇಷ್ಟು ಸಲೀಸಾಗಿ ಒಪ್ಪಿದ್ದನ್ನು ತೋರಿಸಿ ನೋಡೋಣ! ಕರೆಂಟು ಬಂತು, ಒಳ್ಳೆ ರಸ್ತೆ ಬಂತು. ಬೇಕಾದ್ದೆಲ್ಲ ಲಾರಿಯಲ್ಲಿ ಬರುತ್ತದೆ. ನಾವು ಉಳಿದ ಕೋಣೆಯಲ್ಲಿ ಗುಂಡಿ ತಿರುಗಿಸಿದರೆ ಬಿಸಿ.

ಮರ ಇಲ್ಲದ್ದಕ್ಕೆ ಚಳಿಯೊಂದನ್ನೇ ದೂರಿದರೆ ಅನ್ಯಾಯ. ಆಲ್ಪ್ಸ್‌ನ ಎಷ್ಟೋ ಕಡೆ ಕಾಡಿನ ಗೆರೆ ಇರಬೇಕಾದ್ದಕ್ಕಿಂತ ಕೆಳಗಿದೆ. ಹುಲ್ಲುಗಾವಲಿಗಾಗಿ ಜನ ಕಡಿದರು. ಕಡಿದ ಮೇಲೆ ಮತ್ತೆ ಹುಟ್ಟಿದ ಸಸಿಗಳನ್ನು ದನ, ಕುರಿ, ಆಡು ಮೇಯುತ್ತಲೇ ಬಂದವು. ಇದನ್ನು ಹೇಳಿದಾಗ ಅಮ್ಮ ಒಂದು ನಿಮಿಷ ಸುಮ್ಮನಿದ್ದು, "ಅಂದ್ರೆ ಸೌದೆ ತಿಂದಿದ್ದೂ ಕುರೀನೇ, ಆಮೇಲೆ ಸೌದೆ ಕೊಟ್ಟಿದ್ದೂ ಕುರೀನೇ ಅನ್ನು" ಅಂದಳು.

ಕುರಿಯ ಎದುರು ಪಕ್ಷದಲ್ಲಿ ಒಂದು ಹಕ್ಕಿ ಇದೆ. ಕಾಗೆಯ ಕುಲದ್ದು, ಕಂದು ಮೈಮೇಲೆ ಬಿಳಿ ಚುಕ್ಕೆ. ನಟ್‌ಕ್ರ್ಯಾಕರ್ ಅಂತ ಹೆಸರು. ಆರ್ವೆ ಪೈನಿನ ಕಾಯಿ ಒಡೆದು, ಬೀಜಗಳನ್ನು ನಾಲಿಗೆಯ ಕೆಳಗಿನ ಚೀಲದಲ್ಲಿ ತುಂಬಿಕೊಂಡು ಹೋಗಿ ಅಲ್ಲಲ್ಲಿ ನಾಲ್ಕಾರು ಕಾಳು ಹೂತಿಡುತ್ತದೆ. ಒಂದು ಹಕ್ಕಿ ಶರತ್ಕಾಲದಲ್ಲಿ ಹತ್ತಾರು ಸಾವಿರ ಬೀಜ ಹೂತಿಡುತ್ತದೆ. ಚಳಿಗಾಲದಲ್ಲಿ ಹಿಮದಡಿಯಿಂದ ಬಹುಪಾಲನ್ನು ಹುಡುಕಿ ತೆಗೆಯುತ್ತದೆ ಕೂಡ. ತೆಗೆಯದೆ ಉಳಿದದ್ದು ಮೊಳೆಯುತ್ತದೆ. ಕಾಡಿನ ಗೆರೆ ದಾಟಿ ಮೇಲೆ ಹೋಗಿ ಹೂಳುವುದೂ ಉಂಟು, ಈಗ ಬೇಸಿಗೆಗಳೂ ಮೊದಲಿಗಿಂತ ಬಿಸಿ. ಆದರೆ ಆರ್ವೆ ಸಸಿ ಮೊಣಕಾಲೆತ್ತರ ಬರಲು ವರ್ಷಗಟ್ಟಲೆ ಬೇಕು. ಅಷ್ಟರೊಳಗೆ ಮೇಯುವ ಬಾಯಿಗೋ ತುಳಿಯುವ ಗೊರಸಿಗೋ ಸಿಗದೆ ಉಳಿಯಬೇಕು. ಹುಲ್ಲು ಮೇಯಲು ದನ ಕುರಿ ಬರುವುದು ನಿಂತ ಕಡೆಗಳಲ್ಲಿ ಹಕ್ಕಿ ಗೆಲ್ಲುತ್ತಿದೆ. ಯೂಫ್‌ನಲ್ಲಿ ಸದ್ಯಕ್ಕೆ ಕುರಿಯೇ ಮುಂದಿದೆ.