ಹುಣಸೆ ಬೀಜದ ಓಟು

ಪಾರ್ಕಿಗೆ ಏನೇನು ಬೇಕು ಎಂದು ಬಡಾವಣೆಯವರನ್ನು ಕೇಳಿ ನೋಡಿ. ತುಮಕೂರಿನ ಎಸ್.ಎಸ್. ಪುರಂ ಆಗಲಿ, ಕ್ಯಾತ್ಸಂದ್ರವಾಗಲಿ, ಪಟ್ಟಿ ಒಂದೇ: ಓಪನ್ ಜಿಮ್, ಕಾರಂಜಿ, ಹುಲ್ಲುಹಾಸು, ಮೂಲೆಯಲ್ಲೊಂದು ಗಣಪತಿ ಗುಡಿ. (ಪಾರ್ಕಿನ ಜಾಗ ಬೇರೆ ಬಳಕೆಗೆ ಹೋಗದಂತೆ ಕಾಯುವ 1985ರ ಉದ್ಯಾನ ಕಾಯ್ದೆ ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.) ಆ ಪ್ರಶ್ನೆ ಬಿಟ್ಟು, “ಎಷ್ಟೊತ್ತಿಗೆ ಬರ್ತೀರಿ, ಎಲ್ಲಿ ಕೂರ್ತೀರಿ, ಬರದಿದ್ರೆ ಯಾಕೆ ಬರಲ್ಲ?” ಎಂದು ವಿಚಾರಿಸಿದರೆ ಬೇರೆಯೇ ಪಾರ್ಕು ಹೊರಬೀಳುತ್ತದೆ. ಸಂಜೆ ದೀಪ ಹತ್ತದ ಮೂಲೆ, ದನ ನುಗ್ಗದಿರಲೆಂದು ಇಟ್ಟು ಗಾಲಿಕುರ್ಚಿಯನ್ನೂ ತಡೆಯುವ ತಿರುಗಣೆ ಗೇಟು, ಮಧ್ಯಾಹ್ನವಿಡೀ ಬೀಗ.

ಭಾನುವಾರ ಹತ್ತಕ್ಕೆ ಸಭೆ ಕರೆದರೆ ಬರುವವರು ನಿವೃತ್ತ ಗಂಡಸರು. ಅವರು ವಾಕಿಂಗ್ ಪಾತ್ ಕೇಳಿ, ಅದನ್ನೇ ಪಾಸು ಮಾಡಿಸಿಕೊಂಡು ಹೋಗುತ್ತಾರೆ. ಹೆಂಗಸರಿಗೆ ಅದು ಅಡುಗೆಯ ಹೊತ್ತು. ಆದ್ದರಿಂದ ಹಾಲಿನ ಬೂತಿನ ಹತ್ತಿರ ಬೆಳಗ್ಗೆ, ಸ್ಕೂಲ್ ವ್ಯಾನ್ ನಿಲ್ಲುವಲ್ಲಿ ಸಂಜೆ, ನಾವೇ ಹೋಗಿ ಕೇಳಬೇಕು. ಮನೆಗೆಲಸದವರನ್ನೂ ನೀರು ಬಿಡುವವನನ್ನೂ ಬಿಡಬಾರದು. ಯಾವ ನಲ್ಲಿ ಸೋರುತ್ತದೆಂದು ಬಡಾವಣೆ ಸಂಘದ ಅಧ್ಯಕ್ಷರಿಗೆ ಗೊತ್ತಿರುವುದಿಲ್ಲ.

ಓಟಿಗೆ ಹುಣಸೆ ಬೀಜ ಸಾಕು, ತುಮಕೂರಿನಲ್ಲಿ ಅದಕ್ಕೇನು ಬರ? ತಲೆಗೆ ಹತ್ತು. ಒಂದೊಂದು ಬೇಡಿಕೆಗೆ ಒಂದೊಂದು ಡಬ್ಬಿ ಇಟ್ಟು, ಅದರ ಮೇಲೆ ಖರ್ಚಿನ ಅಂದಾಜಿಗೆ ತಕ್ಕ ಬೆಲೆ ಬರೆಯಿರಿ: ಬೆಂಚಿಗೆ ಒಂದು ಬೀಜ, ದೀಪಕ್ಕೆ ಎರಡು, ಜೋಕಾಲಿಗೆ ನಾಲ್ಕು. ಬೆಲೆ ಬರೆಯದಿದ್ದರೆ ಎಲ್ಲ ಬೀಜವೂ ಕಾರಂಜಿಗೇ. ಮಕ್ಕಳು ಅಜ್ಜಿಯ ಪಾಲನ್ನೂ ಕಸಿದು ಜೋಕಾಲಿಗೆ ಹಾಕುತ್ತವೆ, ಹಾಕಲಿ. ಹುಲ್ಲುಹಾಸಿನ ಡಬ್ಬಿಗೆ ಮಾತ್ರ ನೀರಿನ ಲೆಕ್ಕವನ್ನೂ ಅಂಟಿಸಬೇಕು. ಸಾವಿರ ಚದರ ಮೀಟರಿಗೆ ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಎಂದರೂ ಐದು ಸಾವಿರ ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಟ್ಯಾಂಕರ್. ಮನೆಗೇ ಹೇಮಾವತಿ ನೀರು ದಿನ ಬಿಟ್ಟು ಬರುವ ಬೀದಿಯಲ್ಲಿ ಇದನ್ನು ಓದಿದವರ ಕೈ ತಾನಾಗಿಯೇ ಹೊಂಗೆ ಗಿಡದ ಡಬ್ಬಿಯತ್ತ ತಿರುಗುತ್ತದೆ.

ನಕ್ಷೆ ಕಾಗದದ ಮೇಲೆ ಬೇಡ. ದಾರಿಯನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೇ ಎಳೆದು ಒಂದು ವಾರ ಬಿಡಿ. ಇಬ್ಬರು ಎದುರುಬದುರಾಗಿ ಹಾಯಬೇಕಾದರೆ ಐದಾರು ಅಡಿ ಅಗಲ ಬೇಕೆಂಬುದು ಆಗ ಎಲ್ಲರಿಗೂ ಗೊತ್ತಾಗುತ್ತದೆ. ಜನ ಗೆರೆ ಬಿಟ್ಟು ಅಡ್ಡ ಹಾಯುವ ಕಡೆಯೇ ನಿಜವಾದ ದಾರಿ. ಬೆಂಚಿನ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ನಾಲ್ಕೂವರೆಗೆ ಕೂತು ನೋಡಿ. ಪಡುವಣ ಬಿಸಿಲು ಮುಖಕ್ಕೆ ಹೊಡೆದರೆ ಮರದ ಪೂರ್ವಕ್ಕೆ ಸರಿಸಿ, ನೆರಳು ಅಲ್ಲಿ ಬೀಳುತ್ತದೆ. ಮರದ ಬುಡದ ಸುತ್ತ ಮೂರು ನಾಲ್ಕಡಿ ಮಣ್ಣು ಬಿಡದೆ ಟೈಲ್ಸ್ ಹಾಕಿದರೆ ಬೇರು ಅದನ್ನು ಎತ್ತಿ ಹಾಕುತ್ತದೆ, ಎಡವುವವರು ಪಾತ್ ಕೇಳಿದ ಹಿರಿಯರೇ.

ಇದೆಲ್ಲ ಅಂದಾಜು ಪಟ್ಟಿ ಬರೆಯುವ ಮೊದಲು ಆಗಬೇಕು. ಟೆಂಡರ್ ಆದಮೇಲೆ ಬೆಂಚು ಹತ್ತಡಿ ಸರಿಸಿ ಎಂದರೂ “ಎಸ್ಟಿಮೇಟಲ್ಲಿ ಇಲ್ಲ ಸಾರ್” ಎಂಬ ಗುತ್ತಿಗೆದಾರನ ಉತ್ತರ ಸಿದ್ಧ. ಅದು ಬರೀ ನೆಪವಲ್ಲ. ಅವನಿಗೆ ಬಿಲ್ಲು ಆಗುವುದು, ಆದ ಕೆಲಸವನ್ನು ಅಳೆದು ದಾಖಲಿಸುವ ಅಳತೆ ಪುಸ್ತಕದಲ್ಲಿ ಬರೆದ ಕೆಲಸಕ್ಕೆ.

ಕೊನೆಯ ಜಗಳ ಶೌಚಾಲಯದ್ದು. ಎಲ್ಲರಿಗೂ ಬೇಕು, ಯಾರ ಮನೆ ಎದುರಿಗೂ ಬೇಡ. ನೀರಿನ ಪೈಪೂ ಒಳಚರಂಡಿಯೂ ಹತ್ತಿರವಿರುವ ಮುಖ್ಯರಸ್ತೆಯ ಗೇಟಿನ ಪಕ್ಕ ಜಾಗ ಗೊತ್ತು ಮಾಡಿ, ತೊಳೆಯುವವರಿಗೆ ಸಂಬಳ ಯಾರು ಕೊಡುತ್ತಾರೆ, ಬೀಗದ ಕೈ ಯಾರ ಹತ್ತಿರ ಎಂಬುದನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಸಹಿಗೆ ಯಾರೂ ಮುಂದೆ ಬರದಿದ್ದರೆ ಶೌಚಾಲಯದ ಡಬ್ಬಿಯ ಬೀಜಗಳನ್ನು ದೀಪಕ್ಕೆ ಸುರಿಯಿರಿ.