ಬಾಟ್ ಬಂತು, ಬಾಗಿಲು ಹಾಕಿತು
ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಆ್ಯಪ್‌ನಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗುತ್ತಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಇಟ್ಟಿದ್ದರು, ಅಷ್ಟೇ. 'ಕೃಷ್ಣ' ಅಂತ ಬರೆದರೆ ಒತ್ತೇ ಮಾಯ. ಉಡುಪಿಯಲ್ಲಿ ಕೂತವನಿಗೆ ಇದಕ್ಕಿಂತ ಅನ್ಯಾಯ ಉಂಟಾ? ಮಳೆಗಾಲದ ಕರೆಂಟು ಕೈಕೊಡುವ ನಡುವೆಯೇ ಸರಿಮಾಡಿ ಪುಲ್ ರಿಕ್ವೆಸ್ಟ್, ಅಂದರೆ 'ನನ್ನ ತಿದ್ದುಪಡಿ ಸೇರಿಸಿಕೊಳ್ಳಿ' ಎಂಬ ಕೋರಿಕೆ, ಕಳಿಸಿದೆ. ಟೆಸ್ಟ್‌ಗಳೆಲ್ಲ ಪಾಸ್.

ಮನುಷ್ಯರು ಯಾರೂ ಇಣುಕಲಿಲ್ಲ. ಬಂದದ್ದು ಬಾಟ್, ತಾನಾಗಿಯೇ ಓಡುವ ಪ್ರೋಗ್ರಾಮ್. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಇಂಥ ಬಾಟ್‌ಗಳ ಮಾಮೂಲಿ ಲೆಕ್ಕ ಇಷ್ಟು: 60 ದಿನ ಸದ್ದಿಲ್ಲದಿದ್ದರೆ 'ಸ್ಟೇಲ್' (ಹಳಸಿದ್ದು) ಚೀಟಿ, ಮತ್ತೆ 7 ದಿನಕ್ಕೆ ಬಾಗಿಲು ಬಂದ್. ಸದ್ದಿಲ್ಲದೆ ಕೂತವರು ಯಾರು ಮಾರಾಯ್ರೆ, ನಾನಾ?

ಆ್ಯಪ್ ನೋಡಿಕೊಳ್ಳುವವರೂ ಸಂಬಳವಿಲ್ಲದೆ ದುಡಿಯುವವರು, ಒಪ್ಪಿದೆ. 'ಬೇಡ' ಅಂದಿದ್ದರೂ ಬೇಜಾರಿರಲಿಲ್ಲ. ಆದರೆ ಅದೇ ವಾರ ರೀಡ್‌ಮಿ ಎಂಬ ಪರಿಚಯದ ಫೈಲಿಗೆ ಒಂದು ಕಾಮಾ ಹಾಕಿದವರದ್ದು ಮಾತ್ರ ಗಂಟೆಯೊಳಗೆ ಮರ್ಜ್ ಆಗಿ ಒಳಗೆ ಸೇರಿತಲ್ಲ, ಅದಕ್ಕೆ ಪುರುಸೊತ್ತು ಎಲ್ಲಿಂದ ಬಂತು?