ಸತ್ಯಾಂಶ: ಲಾಫಿಂಗ್ ಬುದ್ಧ, ಗೌತಮ ಬುದ್ಧ ಅಲ್ಲ

"ದೊಡ್ಡ ಹೊಟ್ಟೆಯ ನಗುವ ಮೂರ್ತಿ ಗೌತಮ ಬುದ್ಧನದೇ. ಉಡುಗೊರೆಯಾಗಿ ಬಂದರೆ ಮಾತ್ರ ಹಣ ತರುತ್ತದೆ, ತಾವೇ ಕೊಂಡರೆ ಇಲ್ಲ." ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಆ ಮೂರ್ತಿ ಬುದೈ ಎಂಬ ಚೀನೀ ಭಿಕ್ಷುವಿನದು. ಅವರು ಬದುಕಿದ್ದು 10ನೇ ಶತಮಾನದ ಆರಂಭದ ಹೊತ್ತಿಗೆ, ಈಗಿನ ಝೆಜಿಯಾಂಗ್ ಪ್ರಾಂತ್ಯದಲ್ಲಿ ಎನ್ನುತ್ತದೆ ಪರಂಪರೆ. ಗೌತಮ ಬುದ್ಧನಿಗೂ ಅವರಿಗೂ ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ. ಮುಂದೆ ಬರಲಿರುವ ಬುದ್ಧ ಮೈತ್ರೇಯನ ಅವತಾರವೇ ಅವರು ಎಂದು ಜನ ನಂಬಿದರು. ಹಾಗಾಗಿ 'ಬುದ್ಧ' ಎಂಬ ಹೆಸರು ಅಂಟಿಕೊಂಡಿತು.

ಬುದೈ ಎಂದರೆ ಬಟ್ಟೆಯ ಚೀಲ. ನನಗೆ ತುಂಬಾ ಇಷ್ಟವಾಗುವುದು ಇದೇ. ಅವರು ಭಿಕ್ಷೆ ಬೇಡಿ ಸಿಕ್ಕಿದ್ದನ್ನೆಲ್ಲ ಆ ಚೀಲಕ್ಕೆ ಹಾಕಿಕೊಂಡು ಊರೂರು ಸುತ್ತುತ್ತಿದ್ದರಂತೆ. ಅದು ಹಣದ ಗಂಟಲ್ಲ, ಮನೆಯಿಲ್ಲದ ಭಿಕ್ಷುವಿನ ಜೋಳಿಗೆ! ಅವರ ನಗು, ಸಿಕ್ಕಿದ್ದರಲ್ಲೇ ತೃಪ್ತಿಪಡುವ ಮನಸ್ಸಿನ ಗುರುತು. ಜಪಾನಿನಲ್ಲಿ ಅವರೇ ಹೋತೇಯಿ, ಏಳು ಅದೃಷ್ಟ ದೇವತೆಗಳಲ್ಲಿ ಒಬ್ಬರು. ಅದೃಷ್ಟದ ನಂಟು ಸುಮ್ನೆ ಹುಟ್ಟಿದ್ದಲ್ಲ, ನಿಜ. ಆದರೆ ಉಡುಗೊರೆಯ ನಿಯಮ ಬೌದ್ಧ ಧರ್ಮದ್ದಲ್ಲ.

ಗೌತಮ ಬುದ್ಧನ ಮೂರ್ತಿ ಗುರುತಿಸುವುದು ಕಷ್ಟವಲ್ಲ. ನೆತ್ತಿಯ ಮೇಲಿನ ಉಬ್ಬು ಜ್ಞಾನದ ಗುರುತು. ಜೋತುಬಿದ್ದ ಕಿವಿಗಳು ರಾಜಕುಮಾರನಾಗಿದ್ದಾಗ ತೊಟ್ಟು, ಆಮೇಲೆ ಬಿಟ್ಟುಹೋದ ಭಾರದ ಆಭರಣಗಳನ್ನು ನೆನಪಿಸುತ್ತವೆ. ಬಲಗೈ ನೆಲ ಮುಟ್ಟಿದ್ದರೆ ಅದು ಜ್ಞಾನೋದಯಕ್ಕೆ ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ.